ಏರಿಯ ಹಿಂಬದಿ

2019ರ ನವೆಂಬರ್ 24, ಭಾನುವಾರ. ಬೆಂಗಳೂರಿನ ಹುಳಿಮಾವು ಕೆರೆಯ ಏರಿ ಒಡೆದು ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ನೂರಾರು ಮನೆಗಳು ಜಲಾವೃತವಾದವು, ಬೀದಿಯಲ್ಲಿ ನಿಂತಿದ್ದ ವಾಹನಗಳು ಮುಳುಗಿದವು, ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಅಂದು ಕುಂಭದ್ರೋಣ ಮಳೆಯೇನೂ ಸುರಿದಿರಲಿಲ್ಲ. ಏರಿಯನ್ನು ಅಗೆದಿದ್ದರು, ಅಷ್ಟೆ. ಅಗೆದವರು ಯಾರು, ಅಗೆಯಲು ಹೇಳಿದವರು ಯಾರು ಎಂದು ಕಚೇರಿಗಳು ಒಂದರ ಮೇಲೊಂದು ದೂರು ಹೇಳಿಕೊಂಡವು.

ಸುಮಾರು ಐದು ವರ್ಷ ಕಳೆದು, 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋದಾಗ ನಡೆದದ್ದೇ ಬೇರೆ. ಮಂತ್ರಿಗಳು ಹೊಸಪೇಟೆಗೆ ಧಾವಿಸಿದರು, ಗೇಟ್ ತಜ್ಞ ಕನ್ನಯ್ಯ ನಾಯ್ಡು ಬಂದರು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸುವ ಸಾಹಸವನ್ನು ಜನ ಟಿ.ವಿ.ಯಲ್ಲಿ ಉಸಿರು ಬಿಗಿಹಿಡಿದು ನೋಡಿದರು. ವಾರದೊಳಗೆ ಕೆಲಸ ಮುಗಿಯಿತು. ದೊಡ್ಡ ಅಣೆಕಟ್ಟೆಗೆ ಏನಾದರೂ ಆದರೆ ನೋಡುವವರಿದ್ದಾರೆ. ಸಣ್ಣದರದ್ದು ಒಡೆದ ಮೇಲೆ ಬರುವ ಒಂದು ಕಾಲಂ ಸುದ್ದಿ.

ಕೆರೆ ಏರಿಯೂ ಎಂಜಿನಿಯರ್‌ಗಳ ಲೆಕ್ಕದಲ್ಲಿ ಮಣ್ಣಿನ ಅಣೆಕಟ್ಟೆಯೇ. ಆದರೆ ಕಾನೂನಿನ ಲೆಕ್ಕದಲ್ಲಿ ಬಹುಪಾಲು ಕೆರೆಗಳು ಅಣೆಕಟ್ಟೆಗಳಲ್ಲ. 2021ರ ಡಿಸೆಂಬರ್ ಕೊನೆಗೆ ಜಾರಿಗೆ ಬಂದ ಅಣೆಕಟ್ಟೆ ಸುರಕ್ಷತಾ ಕಾಯ್ದೆ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತಪಾಸಣೆ ಆಗಬೇಕು, ತುರ್ತು ಯೋಜನೆ ಸಿದ್ಧವಿರಬೇಕು, ಅಪಾಯವನ್ನು ಅಂದಾಜು ಮಾಡಬೇಕು ಎಂದೆಲ್ಲ ವಿಧಿಸುತ್ತದೆ. ಇದು ಅನ್ವಯವಾಗುವುದು 15 ಮೀಟರ್‌ಗಿಂತ ಎತ್ತರದ ಕಟ್ಟೆಗಳಿಗೆ. 10ರಿಂದ 15 ಮೀಟರ್‌ವರೆಗಿನವು ಸೇರಬೇಕಾದರೆ ಅರ್ಧ ಕಿಲೋಮೀಟರ್ ಉದ್ದವಿರಬೇಕು, ಇಲ್ಲವೇ 10 ಲಕ್ಷ ಘನ ಮೀಟರ್ ನೀರು ಹಿಡಿಯಬೇಕು, ಇಲ್ಲವೇ ಭಾರೀ ಪ್ರವಾಹ ಹೊರಬಿಡುವಂಥದ್ದೋ ತಳಪಾಯದ ತೊಡಕು ಇರುವಂಥದ್ದೋ ಆಗಿರಬೇಕು. ಹತ್ತು ಮೀಟರ್‌ಗಿಂತ ಗಿಡ್ಡದ್ದು ಕಾಯ್ದೆಯ ಕಣ್ಣಿಗೆ ಬೀಳುವುದೇ ಇಲ್ಲ. ಈ ಜರಡಿಯಲ್ಲಿ ಉಳಿಯುವ ಕಟ್ಟೆಗಳು ದೇಶದಲ್ಲಿ ಆರು ಸಾವಿರ ಚಿಲ್ಲರೆ, ಕರ್ನಾಟಕದಲ್ಲಿ ಇನ್ನೂರು ಚಿಲ್ಲರೆ. ನಮ್ಮ ರಾಜ್ಯದ ಕೆರೆಗಳೋ, ಸುಮಾರು 36 ಸಾವಿರ.

ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ನಿಜ. 36 ಸಾವಿರ ಕೆರೆಗಳಿಗೂ ತಜ್ಞರ ಸಮಿತಿ ಕಳಿಸುವಷ್ಟು ತಜ್ಞರು ಯಾವ ಸರ್ಕಾರದ ಬಳಿಯೂ ಇಲ್ಲ. ನನ್ನ ತಕರಾರು ಗೆರೆಯ ಬಗ್ಗೆ ಅಲ್ಲ, ಗೆರೆ ಎಳೆಯಲು ಹಿಡಿದ ಅಳತೆಗೋಲಿನ ಬಗ್ಗೆ. ಕಟ್ಟೆ ಎಷ್ಟು ಎತ್ತರ ಎಂದು ಕೇಳುವ ಬದಲು, ಅದರ ಕೆಳಗೆ ಮಲಗುವವರು ಎಷ್ಟು ಮಂದಿ ಎಂದು ಯಾಕೆ ಕೇಳಬಾರದು?

ಒಂದು ಸಾಧಾರಣ ಕೆರೆಯನ್ನೇ ಲೆಕ್ಕ ಹಾಕಿ ನೋಡೋಣ. ತುಂಬಿದಾಗ ಐವತ್ತು ಎಕರೆ ನೀರು, ಸರಾಸರಿ ಎರಡು ಮೀಟರ್ ಆಳ. ಏರಿ ಐದಾರು ಮೀಟರ್ ಎತ್ತರ ಇದ್ದೀತು. ಕಾಯ್ದೆಗೆ ಇದು ಲೆಕ್ಕಕ್ಕಿಲ್ಲ. ಅದರಲ್ಲಿ ನಿಂತ ನೀರು ಮಾತ್ರ ನಾಲ್ಕು ಲಕ್ಷ ಟನ್! ಏರಿ ಬಿರಿದು ಒಂದು ಗಂಟೆಯಲ್ಲಿ ಕೆರೆ ಖಾಲಿಯಾಯಿತು ಎನ್ನಿ, ಸೆಕೆಂಡಿಗೆ ಸರಾಸರಿ 110 ಟನ್ ನೀರು ಆ ಕಂಡಿಯಿಂದ ನುಗ್ಗುತ್ತದೆ. ರಭಸವಾಗಿ ಹರಿಯುವ ನೀರು ಮೊಣಕಾಲು ದಾಟಿದರೆ ಗಟ್ಟಿಮುಟ್ಟಾದ ಆಳೂ ಕಾಲೂರಿ ನಿಲ್ಲಲಾರ. ಆ ನೀರಿನಲ್ಲಿ ಬರುವುದು ನೀರೊಂದೇ ಅಲ್ಲ. ಏರಿಯ ಮಣ್ಣು, ಕಲ್ಲು, ಬುಡಮೇಲಾದ ಮರ ಎಲ್ಲವೂ ಬರುತ್ತವೆ.

ಅಮೆರಿಕ ಈ ಪಾಠ ಕಲಿತದ್ದು ಜಾರ್ಜಿಯಾ ರಾಜ್ಯದ ಟೊಕೊವಾ ಎಂಬಲ್ಲಿ. ಅಲ್ಲಿನ ಕೆಲ್ಲಿ ಬಾರ್ನ್ಸ್ ಕಟ್ಟೆ ಹನ್ನೆರಡು ಮೀಟರ್ ಆಸುಪಾಸಿನ ಮಣ್ಣಿನ ದಿಬ್ಬ. ಹಿಂದೊಮ್ಮೆ ವಿದ್ಯುತ್ತಿಗೆಂದು ಕಟ್ಟಿ, ಆಮೇಲೆ ವಿಹಾರದ ಕೊಳವಾಗಿ ಉಳಿದದ್ದು. ಕೆಳಗೆ ಒಂದು ಬೈಬಲ್ ಕಾಲೇಜು. 1977ರ ನವೆಂಬರ್ 6ರ ನಸುಕಿನಲ್ಲಿ, ಮಳೆಯ ನಡುವೆ ಕಟ್ಟೆ ಒಡೆದು 39 ಜನ ಸತ್ತರು. ತನಿಖೆಗೆ ಬಂದವರಿಗೆ ನೋಡಲು ಸರಿಯಾದ ನಕ್ಷೆಯೂ ಸಿಗಲಿಲ್ಲ. ಇದೊಂದೇ ಕಾರಣ ಎಂದು ಬೆರಳಿಟ್ಟು ತೋರಿಸಲೂ ಅವರಿಂದ ಆಗಲಿಲ್ಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ ಜಾರ್ಜಿಯಾದವರೇ. ಒಡೆದರೆ ಜೀವಹಾನಿ ಆಗಬಹುದಾದ ಖಾಸಗಿ ಮತ್ತು ಸ್ಥಳೀಯ ಕಟ್ಟೆಗಳನ್ನೆಲ್ಲ ಪರೀಕ್ಷಿಸಿ ಎಂದು ಸೇನೆಯ ಎಂಜಿನಿಯರ್ ದಳಕ್ಕೆ ಅಪ್ಪಣೆ ಮಾಡಿದರು. 1981ರ ಹೊತ್ತಿಗೆ ಸುಮಾರು 8,800 ಕಟ್ಟೆಗಳನ್ನು ನೋಡಿದರು. ಹೆಚ್ಚುಕಡಿಮೆ ಮೂರರಲ್ಲೊಂದು ಸುರಕ್ಷಿತವಲ್ಲ ಎಂದು ತೇಲಿತು.

ಅವರ ಪಟ್ಟಿಯಲ್ಲಿ ಇಂದಿಗೂ ಎರಡು ಅಂಕಣಗಳು ಬೇರೆ ಬೇರೆ ಇವೆ. ಕಟ್ಟೆಯ ಸ್ಥಿತಿ ಹೇಗಿದೆ ಎಂಬುದು ಒಂದು. ಒಡೆದರೆ ಏನು ಹೋಗುತ್ತದೆ ಎಂಬುದು ಇನ್ನೊಂದು. ಎರಡನೆಯದು ಮೊದಲನೆಯದನ್ನು ನೋಡಿಕೊಂಡು ಬದಲಾಗುವುದಿಲ್ಲ. ಒಡೆದರೆ ಜೀವಹಾನಿ ಆಗುವ ಸಂಭವವಿರುವ ಕಟ್ಟೆ ಎಷ್ಟೇ ಗಿಡ್ಡಗಿರಲಿ, ಪಟ್ಟಿಗೆ ಸೇರುತ್ತದೆ. ಹುಳಿಮಾವಿಗೆ ಈ ಎರಡನೇ ಅಂಕಣ ಹಚ್ಚಿ ನೋಡಿ. ಆ ಏರಿಯನ್ನು ಕಟ್ಟಿದ ಕಾಲದಲ್ಲಿ ಕೆಳಗಿದ್ದದ್ದು ಅಚ್ಚುಕಟ್ಟಿನ ಗದ್ದೆ. ಒಡೆದಿದ್ದರೆ ಒಂದು ಬೆಳೆ ಹೋಗುತ್ತಿತ್ತು. ಏರಿಯ ಒಂದು ಕಲ್ಲೂ ಅಲುಗಲಿಲ್ಲ, ಕೆಳಗೆ ಮಾತ್ರ ಸೈಟುಗಳಾದವು, ಅಪಾರ್ಟ್‌ಮೆಂಟುಗಳಾದವು. ಏರಿಯನ್ನು ಯಾರೂ ಮುಟ್ಟದಿದ್ದರೂ ಅದರ ಅಪಾಯ ನೂರು ಪಟ್ಟು ಏರಬಲ್ಲದು. ಲೇಔಟ್ ಮಂಜೂರು ಮಾಡುವ ಕಡತದಲ್ಲಿ ಈ ಪ್ರಶ್ನೆಗೆ ಜಾಗವೇ ಇಲ್ಲ.

ಇನ್ನು ನಮ್ಮ ಕಡೆಯ ಕೆರೆಗಳಿಗೆ ಒಂದು ಗುಣವಿದೆ: ಅವು ಒಂಟಿಯಲ್ಲ. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ 1860ರ ದಶಕದಲ್ಲೇ ಇದನ್ನು ಕಂಡು ಬೆರಗಾಗಿದ್ದರು. ಹೊಸದೊಂದು ಕೆರೆಗೆ ಜಾಗ ಹುಡುಕಬೇಕೆಂದರೆ ಜಾಣತನ ಬೇಕು, ಅಷ್ಟು ಪೂರ್ತಿಯಾಗಿ ಈ ನಾಡಿನ ಹಳ್ಳಕೊಳ್ಳಗಳಿಗೆ ಕಟ್ಟೆ ಬಿದ್ದಿದೆ ಎಂಬರ್ಥದ ಮಾತು ಅವರದು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಬರಗಾಲಕ್ಕೆ ಹೇಳಿ ಮಾಡಿಸಿದ ಏರ್ಪಾಡು. ಏರಿ ಒಡೆಯುವ ಹೊತ್ತಿಗೆ ಇದೇ ಸರಪಳಿ ತಿರುಗಿಬೀಳುತ್ತದೆ. ಮೇಲಿನದು ಒಡೆದ ನೀರು ತುಂಬಿ ನಿಂತ ಕೆಳಗಿನ ಕೆರೆಗೆ ಬಂದರೆ ಅದರ ಕೋಡಿ ಅಷ್ಟನ್ನು ತಾಳುವುದಿಲ್ಲ, ಅದೂ ಒಡೆಯುತ್ತದೆ. ಮೂರನೆಯದಕ್ಕೆ ಎರಡು ಕೆರೆಗಳ ನೀರು. ವೇಲ್ಸ್‌ನ ಡೊಲ್ಗಾರೊಗ್ ಹಳ್ಳಿಯಲ್ಲಿ 1925ರ ನವೆಂಬರ್ 2ರಂದು ಆದದ್ದು ಇದೇ: ಮೇಲಿನ ಎಯ್ಗೈ ಕಟ್ಟೆಯ ಆಳವಿಲ್ಲದ ತಳಪಾಯದಡಿ ನೀರು ಕೊರೆಯಿತು, ಆ ನೀರು ಕೆಳಗಿನ ಕೋಯ್ಡ್ಟಿ ಕಟ್ಟೆಯ ಮೇಲೆ ಬಿತ್ತು, ಅದೂ ಹೋಗಿ 16 ಜನ ಪ್ರಾಣ ಕಳೆದುಕೊಂಡರು. ಬ್ರಿಟನ್ 1930ರಲ್ಲಿ ಜಲಾಶಯಗಳ ಸುರಕ್ಷತೆಗೆ ಕಾಯ್ದೆ ತಂದದ್ದು ಈ ದುರಂತದ ಬೆನ್ನಿಗೆ. ಅಲ್ಲಿ ಕಾನೂನು ನೋಡುವುದು ಎತ್ತರವನ್ನಲ್ಲ, ಸುತ್ತಲಿನ ನೆಲಮಟ್ಟಕ್ಕಿಂತ ಮೇಲೆ ಎಷ್ಟು ನೀರು ನಿಂತಿದೆ ಎಂಬುದನ್ನು. 1975ರ ಕಾಯ್ದೆ 25 ಸಾವಿರ ಘನ ಮೀಟರ್‌ಗೇ ಗೆರೆ ಎಳೆಯಿತು. ನಾವು ಮೇಲೆ ಲೆಕ್ಕ ಹಾಕಿದ ಐವತ್ತು ಎಕರೆ ಕೆರೆ ಅದರ ಹದಿನಾರು ಪಟ್ಟು!

ಹಾಗಾದರೆ ಒಂದು ಏರಿ ಗಟ್ಟಿಯಿದೆಯೋ ಇಲ್ಲವೋ ಎಂದು ನೋಡುವುದು ಹೇಗೆ?

ಕೆರೆ ನೋಡಲು ಹೋದವರೆಲ್ಲ ಏರಿಯ ಮೇಲೆ ನಿಂತು ನೀರಿನ ಕಡೆ ಮುಖ ಮಾಡುತ್ತಾರೆ. ಬಾಗಿನ ಬಿಡುವುದು ಆ ಕಡೆ, ಫೋಟೊ ತೆಗೆಯುವುದು ಆ ಕಡೆ, ಶಾಸಕರು ನಿಲ್ಲುವುದೂ ಆ ಕಡೆ. ಕೆರೆಯ ಕಾಯಿಲೆ ಕಾಣಿಸಿಕೊಳ್ಳುವುದು ಬೆನ್ನ ಹಿಂದೆ. ಇಳಿಜಾರು ಇಳಿದು, ಗದ್ದೆ ಶುರುವಾಗುವಲ್ಲಿ, ಏರಿಯ ಬುಡದ ಉದ್ದಕ್ಕೂ ನಡೆಯಬೇಕು. ಕೆರೆ ತುಂಬಿದಾಗಲೇ ನಡೆಯಬೇಕು. ಏಪ್ರಿಲ್‌ನಲ್ಲಿ ಒಣಗಿ ನಿಂತ ಏರಿ ಎಲ್ಲವನ್ನೂ ಮುಚ್ಚಿಟ್ಟುಕೊಳ್ಳುತ್ತದೆ.

ಮಣ್ಣಿನ ಏರಿಯೊಳಗೆ ನೀರು ಜಿನುಗುವುದು ದೋಷವಲ್ಲ, ಸ್ವಭಾವ. ಬುಡದಲ್ಲಿ ನೆಲ ತೇವವಾಗಿದ್ದರೆ, ಅಲ್ಲಿ ಮಾತ್ರ ಜೊಂಡೋ ಹಸಿರು ಹುಲ್ಲೋ ದಟ್ಟವಾಗಿ ಬೆಳೆದಿದ್ದರೆ ಗುರುತು ಹಾಕಿಕೊಳ್ಳಿ. ಹರಿಯುವಷ್ಟು ಒಸರು ಇದ್ದರೆ ಒಂದು ಬಕೆಟ್ ಇಟ್ಟು ಎಷ್ಟು ಹೊತ್ತಿಗೆ ತುಂಬುತ್ತದೆ ನೋಡಿ, ಬರೆದಿಡಿ. ಕೆರೆಯ ಮಟ್ಟ ಅಷ್ಟೇ ಇದ್ದು ಮುಂದಿನ ವಾರ ಬಕೆಟ್ ಬೇಗ ತುಂಬಿದರೆ ಅದು ಸುದ್ದಿ. ಎಲ್ಲಕ್ಕಿಂತ ಮುಖ್ಯ ನೀರಿನ ಬಣ್ಣ. ಒಂದು ಗಾಜಿನ ಲೋಟದಲ್ಲಿ ಹಿಡಿದು ಹತ್ತು ನಿಮಿಷ ಬಿಡಬೇಕು. ತಿಳಿಯಾಗಿಯೇ ಇದ್ದರೆ ನೀರು ಮಾತ್ರ ಹೊರಗೆ ಬರುತ್ತಿದೆ. ತಳದಲ್ಲಿ ಮಣ್ಣು ನಿಂತರೆ ಏರಿಯೇ ಹೊರಗೆ ಬರುತ್ತಿದೆ. ಒಳಗೆ ಹೆಬ್ಬೆರಳು ಗಾತ್ರದ ಕೊಳವೆಯೊಂದು ಹಿಂದಿನಿಂದ ಮುಂದಕ್ಕೆ, ಅಂದರೆ ಗದ್ದೆಯ ಕಡೆಯಿಂದ ನೀರಿನ ಕಡೆಗೆ, ಬೆಳೆಯುತ್ತ ಹೋಗುತ್ತಿರುತ್ತದೆ. ಅದು ಕೆರೆಯನ್ನು ಮುಟ್ಟಿದ ಮೇಲೆ ಉಳಿಯುವುದು ಕೆಲವು ಗಂಟೆ ಮಾತ್ರ. ಜಗತ್ತಿನಲ್ಲಿ ಒಡೆದ ಮಣ್ಣಿನ ಕಟ್ಟೆಗಳಲ್ಲಿ ಸುಮಾರು ಅರ್ಧ ಹೋಗಿರುವುದು ಹೀಗೆ ಒಳಗೊಳಗೇ ಕೊರೆದು. ಉಳಿದ ಅರ್ಧದಲ್ಲಿ ಬಹುಪಾಲು ನೀರು ಏರಿ ಮೇಲೆ ಹತ್ತಿ ಹರಿದು.

ಕೊಳವೆಗೆ ದಾರಿ ಮಾಡಿಕೊಡುವವರು ಹಲವರು. ತೂಬು ಮೊದಲನೆಯದು. ಏರಿಯ ಹೊಟ್ಟೆಯನ್ನು ಸೀಳಿ ಹೋಗುವ ಕಲ್ಲು ಅಥವಾ ಕಾಂಕ್ರೀಟಿನ ಆ ದಾರಿಯ ಮೈಗೂ ಮಣ್ಣಿಗೂ ನಡುವಿನ ಸಂದಿಯಷ್ಟು ಸಲೀಸಾದ ಹಾದಿ ನೀರಿಗೆ ಬೇರೆ ಸಿಗುವುದಿಲ್ಲ. ಆಮೇಲೆ ಬಳ್ಳಾರಿ ಜಾಲಿ. ಬೇರು ಬದುಕಿರುವಾಗ ಮಾಡುವ ಹಾನಿಗಿಂತ ಮರ ಕಡಿದ ಮೇಲೆ ಬೇರು ಕೊಳೆತು ಉಳಿಯುವ ಟೊಳ್ಳು ಹೆಚ್ಚು ಅಪಾಯ. ಏರಿಗೆ ಒಪ್ಪುವ ಹೊದಿಕೆ ಗರಿಕೆ ಹುಲ್ಲು. ವನಮಹೋತ್ಸವದ ದಿನ ಏರಿಯ ಮೇಲೆ ಸಾಲಾಗಿ ಗುಂಡಿ ತೋಡಿ ಸಸಿ ನೆಡುವುದನ್ನು ಕಂಡರೆ ಎದೆ ಝಲ್ಲೆನ್ನುತ್ತದೆ. ಹುತ್ತದ ವಿಷಯ ಇನ್ನೂ ಸೂಕ್ಷ್ಮ. ಗೆದ್ದಲಿನ ದಾರಿಗಳು ಏರಿಯೊಳಗೆ ಆಳಕ್ಕೆ ಹೋಗಿರುತ್ತವೆ. ಆದರೆ ನಾಗರಪಂಚಮಿಗೆ ಊರ ಹೆಂಗಸರು ತನಿ ಎರೆಯುವ ಹುತ್ತವನ್ನು ಅಗೆಯಿರಿ ಎಂದು ಯಾವ ಜೂನಿಯರ್ ಎಂಜಿನಿಯರ್ ಹೇಳಿಯಾನು?

2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯಲ್ಲಿ, ಕಟ್ಟಿ ಎರಡು ದಶಕವೂ ಆಗದ ತಿವರೆ ಕಟ್ಟೆ ಒಡೆದು ಕೆಳಗಿನ ವಾಡಿಯೊಂದನ್ನು ಕೊಚ್ಚಿಕೊಂಡು ಹೋಯಿತು. ಸತ್ತವರು ಇಪ್ಪತ್ತರ ಆಸುಪಾಸು. ಕಟ್ಟೆ ಸೋರುತ್ತಿದೆ ಎಂದು ಊರವರು ಮೊದಲೇ ದೂರು ಕೊಟ್ಟಿದ್ದರು. ಆಗಿನ ಜಲಸಂರಕ್ಷಣಾ ಸಚಿವರು ಇದಕ್ಕೆ ಏಡಿಗಳು ಕಾರಣ ಎಂದರು. ಜನ ನಕ್ಕರು, ಸಿಟ್ಟಾದರು, ಪೊಲೀಸ್ ಠಾಣೆಗೆ ಏಡಿ ಹಿಡಿದುಕೊಂಡು ಹೋಗಿ ಬಂಧಿಸಿ ಎಂದು ಪ್ರತಿಭಟಿಸಿದ್ದೂ ಆಯಿತು. ಬಿಲ ತೋಡುವ ಜೀವಿಗಳು ಮಣ್ಣಿನ ಕಟ್ಟೆಗೆ ಶತ್ರುಗಳೆಂಬುದು ಎಂಜಿನಿಯರಿಂಗ್ ಪುಸ್ತಕಗಳಲ್ಲಿರುವ ನಿಜವೇ. ಆದರೆ ಏಡಿ ಒಂದೇ ರಾತ್ರಿಯಲ್ಲಿ ಬಿಲ ತೋಡುವುದಿಲ್ಲ. ವರ್ಷಗಟ್ಟಲೆ ತೋಡಿದ್ದು ಯಾರ ಕಣ್ಣಿಗೂ ಬೀಳಲಿಲ್ಲವೆಂದರೆ ಆ ಹೇಳಿಕೆ ಏಡಿಗಿಂತ ಹೆಚ್ಚಾಗಿ ಇಲಾಖೆಯ ಬಗ್ಗೆ ಹೇಳಿದಂತಾಯಿತು.

ಕೋಡಿಯದು ಬೇರೆಯೇ ಕಥೆ, ಮತ್ತು ಅದರಲ್ಲಿ ತಪ್ಪು ಹೆಚ್ಚಾಗಿ ನಮ್ಮದೇ. ಕೆರೆ ಕೋಡಿ ಬಿದ್ದಾಗ ಹರಿದುಹೋಗುವ ನೀರು ನೋಡಿ ರೈತನ ಹೊಟ್ಟೆ ಉರಿಯುವುದು ಸಹಜ. ನಾಲ್ಕು ಮರಳು ಚೀಲ ಅಡ್ಡ ಇಟ್ಟರೆ ಇನ್ನೊಂದು ಅಡಿ ನೀರು ನಿಂತೀತು ಎನಿಸುತ್ತದೆ. ಕೆಲವೆಡೆ ಚೀಲದ ಜಾಗಕ್ಕೆ ಕಾಂಕ್ರೀಟೇ ಬಂದಿದೆ. ಇಪ್ಪತ್ತು ಮೀಟರ್ ಅಗಲದ ಕೋಡಿಯ ಮೇಲೆ ಎರಡು ಅಡಿ ದಪ್ಪ ನೀರು ಹರಿಯಲು ಅವಕಾಶವಿದ್ದರೆ ಸೆಕೆಂಡಿಗೆ ಸುಮಾರು 16 ಘನ ಮೀಟರ್ ಹೊರಹೋಗುತ್ತದೆ. ಒಂದು ಅಡಿ ಚೀಲ ಇಟ್ಟರೆ ಅರ್ಧ ಹೋಗುತ್ತದೆ ಎಂದುಕೊಳ್ಳುತ್ತೇವೆ. ಹಾಗಲ್ಲ, ಮೂರನೇ ಒಂದು ಪಾಲು ಮಾತ್ರ ಹೋಗುತ್ತದೆ. ಆರು ಘನ ಮೀಟರ್‌ಗೂ ಕಡಿಮೆ. ಉಳಿದದ್ದು ಏರಿ ಹತ್ತುತ್ತದೆ. ಏರಿಯ ಮೇಲೆ ಎಲ್ಲ ಕಡೆ ಒಂದೇ ಮಟ್ಟವಿರುವುದಿಲ್ಲ. ಟ್ರ್ಯಾಕ್ಟರ್ ಓಡಾಡಿ ತಗ್ಗಾದ ಒಂದು ಜಾಗ ಇದ್ದೇ ಇರುತ್ತದೆ, ನೀರು ಮೊದಲು ಹುಡುಕುವುದು ಅದನ್ನೇ. ಕೋಡಿಯ ಮಟ್ಟಕ್ಕೂ ಏರಿಯ ಅತ್ಯಂತ ತಗ್ಗಿನ ಜಾಗಕ್ಕೂ ನಡುವಿನ ಅಂತರ ಅಳೆಯಲು ಲೆವೆಲ್ ಯಂತ್ರವಿಲ್ಲದಿದ್ದರೆ ಮೇಸ್ತ್ರಿಯ ನೀರು ತುಂಬಿದ ಪಾರದರ್ಶಕ ಪೈಪು ಸಾಕು.

ಹೂಳೆತ್ತುವುದಂತೂ ಈಗ ಪುಣ್ಯಕಾರ್ಯ. ಅದರ ಬಗ್ಗೆಯೂ ಒಂದು ಮಾತು. ಏರಿಯ ಒಳಬುಡದಲ್ಲಿ ನೂರಾರು ವರ್ಷ ಕೂತ ನುಣ್ಣನೆಯ ಜೇಡಿ ನೀರು ಕೆಳಗಿಳಿಯದಂತೆ ತಡೆಯುವ ಹಾಸು. ಜೆಸಿಬಿ ಏರಿಯ ಬುಡದವರೆಗೂ ಬಂದು ಅದನ್ನು ಬಾಚಿದರೆ ಕೆರೆ ಆಳವಾಗುತ್ತದೆ, ಏರಿಯ ಹಿಂದೆ ಹೊಸ ಒಸರುಗಳೂ ಹುಟ್ಟುತ್ತವೆ. ಬುಡದಿಂದ ಸಾಕಷ್ಟು ದೂರ ಬಿಟ್ಟು ಅಗೆಯಬೇಕು.

ಕೋಲಾರ ಜಿಲ್ಲೆಯ ಪಾಡು ಇನ್ನೊಂದು ಬಗೆಯದು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಅಲ್ಲಿನ ಕೆರೆಗಳಿಗೆ ಹರಿಸುತ್ತಿದ್ದಾರೆ. ಆ ನೀರಿನ ಗುಣದ ಬಗ್ಗೆ ಸಾಕಷ್ಟು ವಾದ ನಡೆದಿದೆ, ಏರಿಯ ಬಗ್ಗೆ ನಡೆದದ್ದು ಕಡಿಮೆ. ಎಷ್ಟೋ ವರ್ಷ ನೀರು ಕಾಣದ ಏರಿಯ ಮಣ್ಣು ಒಣಗಿ ಬಿರುಕು ಬಿಟ್ಟಿರುತ್ತದೆ, ಒಳಗೆ ಗೆದ್ದಲು ಸಂಸಾರ ಹೂಡಿರುತ್ತದೆ. ಯಾವ ಕಟ್ಟೆಗಾದರೂ ಮೊದಲ ಸಲ ತುಂಬುವ ಹೊತ್ತೇ ಅತ್ಯಂತ ಅಪಾಯದ್ದು ಎಂಬುದು ಈ ವಿದ್ಯೆಯ ಹಳೆಯ ಪಾಠ. ಬಹುಕಾಲ ಬರಿದಾಗಿದ್ದ ಕೆರೆಗೆ ಮರುತುಂಬುವಿಕೆಯೂ ಮೊದಲ ಸಲದಂತೆಯೇ. ಮೇಲಾಗಿ, ಮಳೆ ಬರುವ ಮುಂಚೆಯೇ ಪಂಪಿನ ನೀರಿನಿಂದ ತುಂಬಿ ನಿಂತ ಕೆರೆಗೆ ಜಡಿಮಳೆಯನ್ನು ಹೀರಿಕೊಳ್ಳಲು ಹೊಟ್ಟೆಯಲ್ಲಿ ಜಾಗವಿರುವುದಿಲ್ಲ. ಬಂದದ್ದೆಲ್ಲ ಕೋಡಿಯ ಪಾಲು.

ಇಷ್ಟೆಲ್ಲ ನೋಡುವವರು ಯಾರು? ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ ಬಳಿ 1369ರ ಒಂದು ಶಾಸನವಿದೆ. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಗೆ ಇರಬಾರದ 6 ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ಕಟ್ಟೆಯಿಂದ ನೀರು ಒಸರುವುದು ಅಲ್ಲಿ ಹೇಳಿದ ಒಂದು ದೋಷ. ಕೆರೆ ಎರಡು ರಾಜ್ಯಗಳ ಗಡಿಯಲ್ಲಿರುವುದು ಇನ್ನೊಂದು! ಇಂದು ರಾಜ್ಯಗಳ ಗಡಿ ಬೇಡ, 40 ಹೆಕ್ಟೇರ್ ಅಚ್ಚುಕಟ್ಟಿನ ಗಡಿಯೇ ಸಾಕು. ಅದಕ್ಕಿಂತ ದೊಡ್ಡ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಚಿಕ್ಕದು ಪಂಚಾಯಿತಿಗಳಿಗೆ, ಊರು ನಗರವಾದರೆ ನಗರಾಡಳಿತಕ್ಕೆ. ನೀರು ಹರಿದು ಬರುವ ಕಾಲುವೆ ಒಬ್ಬರದು, ಏರಿ ಮೇಲಿನ ರಸ್ತೆ ಇನ್ನೊಬ್ಬರದು, ಏರಿಯೊಳಗೆ ಹೂತ ಪೈಪು ಮತ್ತೊಬ್ಬರದು. ಹಿಂದೆ ಕೆರೆ ನೋಡಿಕೊಳ್ಳಲು ನೀರಗಂಟಿ ಇದ್ದ. ಅವನ ಕೆಲಸಕ್ಕೆ ಇನಾಮು ಭೂಮಿಯೋ ಸುಗ್ಗಿಯ ಕಣದಲ್ಲಿ ಕಾಳಿನ ಪಾಲೋ ಇತ್ತು. ಕೆರೆಯ ರಿಪೇರಿಗೆಂದೇ ಕಟ್ಟುಕೊಡಗೆಯಾಗಿ ಜಮೀನು ಬಿಟ್ಟ ಶಾಸನಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ವ್ಯವಸ್ಥೆ ಜಾತಿಗೆ ಅಂಟಿಕೊಂಡದ್ದು, ಅದನ್ನು ಹಾಗೆಯೇ ಮರಳಿ ತರುವ ಆಸೆ ಯಾರಿಗೂ ಬೇಡ. ಅವನು ಮಾಡುತ್ತಿದ್ದ ಕೆಲಸಕ್ಕೆ ಮಾತ್ರ ಈಗ ಹುದ್ದೆಯೂ ಇಲ್ಲ, ಸಂಬಳವೂ ಇಲ್ಲ. ಮಳೆಗಾಲದ ನಾಲ್ಕೈದು ತಿಂಗಳು ದಿನಕ್ಕೊಮ್ಮೆ ಏರಿಯ ಹಿಂಬದಿ ನಡೆದು, ನೋಡಿದ್ದನ್ನು ಮೊಬೈಲಿನಲ್ಲಿ ಫೋಟೊ ಸಮೇತ ಕಳಿಸುವ ಒಬ್ಬ ಮನುಷ್ಯನ ಕೂಲಿ, ಒಡೆದ ಏರಿಯನ್ನು ಮತ್ತೆ ಕಟ್ಟುವ ಟೆಂಡರಿನ ಮುಂದೆ ಏನೇನೂ ಅಲ್ಲ. ಆದರೆ ಟೆಂಡರಿಗೆ ಬಜೆಟ್ಟಿನಲ್ಲಿ ಜಾಗವಿದೆ, ಕೂಲಿಗೆ ಇಲ್ಲ.

36 ಸಾವಿರವನ್ನೂ ಒಟ್ಟಿಗೆ ನೋಡಬೇಕಾಗಿಯೂ ಇಲ್ಲ. ಉಪಗ್ರಹ ನಕ್ಷೆ ಹರಡಿಕೊಂಡು, ಯಾವ ಏರಿಯ ಕೆಳಗೆ ಒಂದೆರಡು ಕಿಲೋಮೀಟರ್ ಒಳಗೆ ಮನೆ, ಶಾಲೆ, ಹೆದ್ದಾರಿ ಇದೆ, ಯಾವುದರ ಮೇಲ್ಗಡೆ ಇನ್ನೊಂದು ಕೆರೆ ತೂಗುತ್ತಿದೆ ಎಂದು ಗುರುತಿಸಿದರೆ ಪಟ್ಟಿ ತಾನಾಗಿಯೇ ಸೋಸಿಕೊಳ್ಳುತ್ತದೆ. ತಜ್ಞರು ಮೊದಲು ಹೋಗಬೇಕಾದದ್ದು ಅಲ್ಲಿಗೆ. ಉಳಿದವನ್ನು ಮೇಲೆ ಹೇಳಿದ ಬಕೆಟ್, ಲೋಟ, ಪೈಪುಗಳಿಂದ ಊರವರೇ ನೋಡಿಕೊಳ್ಳಬಲ್ಲರು, ಯಾರಾದರೂ ಒಮ್ಮೆ ಬಂದು ಕಲಿಸಿಕೊಟ್ಟರೆ.

ಕಲಿಸಬೇಕಾದ ಇನ್ನೊಂದು ಸಂಗತಿಯಿದೆ, ಏಕೆಂದರೆ ಇದರಲ್ಲಿ ನಮ್ಮ ಸಹಜ ಬುದ್ಧಿ ಕೈಕೊಡುತ್ತದೆ. ಏರಿಯ ಹಿಂದೆ ಕೆಸರು ನೀರಿನ ಬುಗ್ಗೆ ಎದ್ದರೆ ಎಲ್ಲರೂ ಅದನ್ನು ಬಿಗಿಯಾಗಿ ಮುಚ್ಚಲು ಓಡುತ್ತಾರೆ. ಜೇಡಿಮಣ್ಣು, ಗೋಣಿ, ಸಿಮೆಂಟು. ಹಾಗೆ ಮುಚ್ಚಿದರೆ ಒಳಗಿನ ಒತ್ತಡ ಹೆಚ್ಚಿ ನಾಲ್ಕು ಮಾರು ಆಚೆ ಇನ್ನೊಂದು ಬುಗ್ಗೆ ಏಳುತ್ತದೆ. ನೀರನ್ನು ತಡೆಯಬಾರದು, ಮಣ್ಣನ್ನು ತಡೆಯಬೇಕು. ಬುಗ್ಗೆಯ ಮೇಲೆ ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಸುರಿಯಬೇಕು. ಸುತ್ತ ಮರಳು ಚೀಲಗಳ ಬಳೆ ಕಟ್ಟಬೇಕು. ಬರುವ ನೀರು ತಿಳಿಯಾದರೆ ಸ್ವಲ್ಪ ಹೊತ್ತು ಸಿಕ್ಕಿತು ಎಂದು ಅರ್ಥ. ಆ ಹೊತ್ತಿನಲ್ಲಿ ತೂಬು ತೆಗೆದು, ಕೋಡಿಯಲ್ಲಿಟ್ಟ ಚೀಲಗಳನ್ನು ಕಿತ್ತು ಕೆರೆಯ ಮಟ್ಟ ಇಳಿಸಬೇಕು. ಆದರೆ ಇದೆಲ್ಲಕ್ಕೂ ಮುಂಚೆ, ಮೊದಲ ಬುಟ್ಟಿ ಮರಳು ಬೀಳುವ ಮುಂಚೆಯೇ, ಕೆಳಗಿನ ಕೆರೆಯ ಊರಿಗೂ ಏರಿಯ ಕೆಳಗಿನ ಮನೆಗಳಿಗೂ ಒಬ್ಬರು ಫೋನ್ ಮಾಡಬೇಕು. ಆ ನಂಬರುಗಳು ತೂಬಿನ ಪಕ್ಕದ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿರಬೇಕು.